ಟೆರಿಟೋರಿಯಲ್ ಆರ್ಮಿಯಿಂದ (ಟಿಎ) ಊರಿಗೆ ಬಂದವರಿಗೆ ಯಾವುದು ಒಳ್ಳೇದು: ಇಸಿಎಚ್‌ಎಸ್ ಕಾರ್ಡೋ, ಖಾಸಗಿ ಪಾಲಿಸಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾಜಿ ಸೈನಿಕರ ಸರ್ಕಾರಿ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ. ಖಾಸಗಿ ಪಾಲಿಸಿಗೆ ಒಂಬತ್ತು ವರ್ಷ ದುಡ್ಡು ಕಟ್ಟಿದೆ. ಕ್ಲೇಮ್ ಮಾಡಿದ್ದು ಒಂದೇ ಸಲ. ಆ ಒಂದು ಸಲವೇ ಸಾಕಾಯಿತು.

ನಾನು ಟೆರಿಟೋರಿಯಲ್ ಆರ್ಮಿಯಲ್ಲಿ ಹವಾಲ್ದಾರ್ ಆಗಿದ್ದವನು. 1949ರಿಂದ ಇರುವ ಮೀಸಲು ಪಡೆ ಇದು. ಕರೆದಾಗ ಹೋಗಬೇಕು, ಕಳಿಸಿದಾಗ ಊರಿಗೆ ಬರಬೇಕು. ಡ್ಯೂಟಿಗೆ ಕರೆಸಿಕೊಂಡ ಕಾಲಕ್ಕೆ ಎಂಬಾಡಿ ಸೇವೆ ಅನ್ನುತ್ತೇವೆ. ಅಷ್ಟು ದಿನ ಮಿಲಿಟರಿ ಆಸ್ಪತ್ರೆ ಇರುತ್ತದೆ, ಚಿಂತೆ ಇಲ್ಲ. ಊರಿಗೆ ಬಂದು ತೋಟ ನೋಡಿಕೊಳ್ಳುವಾಗ ಜ್ವರ ಬಂದರೆ ನಮ್ಮ ಜೇಬೇ ಗತಿ. ಆ ನಡುವಿನ ಕಾಲಕ್ಕೆ ಅಂತಲೇ ಇಡೀ ಮನೆಗೆ ಸೇರಿ ಮೂರು ಲಕ್ಷದ ಒಂದೇ ಪಾಲಿಸಿ, ಅಂದರೆ ಫ್ಯಾಮಿಲಿ ಫ್ಲೋಟರ್, ಮಾಡಿಸಿದ್ದೆ.

ಯಾರಿಗೆ ಯಾವುದು ಸಿಗುತ್ತದೆ ಅನ್ನುವುದೇ ಇಲ್ಲಿ ದೊಡ್ಡ ವ್ಯತ್ಯಾಸ. ಖಾಸಗಿಯವರು ದುಡ್ಡು ಕಟ್ಟಿದರೆ ಸಾಮಾನ್ಯವಾಗಿ ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ, ಆದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್‌ನಲ್ಲಿ ಹಳೇ ಕಾಯಿಲೆ, ವಯಸ್ಸು ಯಾವುದನ್ನೂ ಕೇಳುವುದಿಲ್ಲ. ಕೇಳುವುದು ಒಂದೇ, ಪೆನ್ಷನ್ ಇದೆಯಾ ಅಂತ. ಟಿಎಯಲ್ಲಿ ಸಿಪಾಯಿಯಿಂದ ಸುಬೇದಾರ್ ಮಟ್ಟದ ಜೆಸಿಒವರೆಗೆ ಪೆನ್ಷನ್ ಬರಬೇಕಾದರೆ ಎಂಬಾಡಿ ಸೇವೆಯೇ ಒಟ್ಟು 15 ವರ್ಷ ಆಗಬೇಕು, ಅಧಿಕಾರಿಗಳಿಗೆ 20. ಊರಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ನನ್ನ ಜೊತೆ ಒಂದೇ ದಿನ ಭರ್ತಿಯಾದ ಗೆಳೆಯ, ಎಂಬಾಡಿ ಸೇವೆ 12 ವರ್ಷ ದಾಟಿದ ಮೇಲೆ ಮನೆ ಕಷ್ಟಕ್ಕೆ ಬಿಟ್ಟು ಬಂದ. ಅವನಿಗೆ ಪೆನ್ಷನ್ನೂ ಇಲ್ಲ, ಕಾರ್ಡೂ ಇಲ್ಲ. ಅವನನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಆ ಕ್ಲೇಮಿನ ಕಥೆ. ಮನೆಯವಳಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿತ್ತು. ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇತ್ತು, ವಿಮಾ ಮೊತ್ತದ ಶೇಕಡಾ 1. ಅಂದರೆ ದಿನಕ್ಕೆ 3,000. ಆಸ್ಪತ್ರೆಯ ಕೌಂಟರಿನಲ್ಲಿ ಸಿಂಗಲ್ ರೂಮ್ 6,000 ಅಂದರು. ಮೂರು ದಿನ ತಾನೇ, ಮೇಲಿನ 9,000 ನಾನೇ ಕೊಟ್ಟರಾಯಿತು, ಅವಳು ನೆಮ್ಮದಿಯಾಗಿ ಮಲಗಲಿ ಅಂತ ಹೂಂ ಅಂದೆ.

ಡಿಸ್ಚಾರ್ಜ್ ದಿನ ಬಿಲ್ಲು ಬಂತು, 1,10,000. ಕಂಪನಿ ಒಪ್ಪಿಕೊಂಡಿದ್ದು 70,000. ನಾನು ಕಟ್ಟಬೇಕಾದ್ದು 40,000! ಲೆಕ್ಕ ತಪ್ಪಾಗಿದೆ ಅಂದುಕೊಂಡು ವಿಮೆ ಡೆಸ್ಕಿನ ಮುಂದೆ ಎರಡು ಗಂಟೆ ನಿಂತೆ. ತಪ್ಪಾಗಿರಲಿಲ್ಲ. ಮಿತಿಗಿಂತ ಎರಡರಷ್ಟು ಬಾಡಿಗೆಯ ರೂಮ್ ತಗೊಂಡರೆ ಬಾಡಿಗೆ ಒಂದೇ ಅಲ್ಲ, ಸರ್ಜನ್ ಫೀಸು, ಅರಿವಳಿಕೆ ಕೊಟ್ಟವರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಅರ್ಧ ಮಾಡುತ್ತಾರೆ. ಔಷಧಿ ಮತ್ತು ಟೆಸ್ಟುಗಳ 30,000 ಪೂರ್ತಿ ಕೊಟ್ಟರು. ಉಳಿದ 80,000ದಲ್ಲಿ ಅರ್ಧ ನನ್ನ ತಲೆಗೆ ಬಂತು.

ಪಾಲಿಸಿಯ ಪುಸ್ತಕದಲ್ಲಿ ಇದು ಬರೆದಿತ್ತು, ನಿಜ. ಆದರೆ ಮಾರಿದ ಏಜೆಂಟ್ ಒಂದು ಮಾತು ಹೇಳಲಿಲ್ಲ, ರೂಮ್ ಕೊಟ್ಟವರೂ ಹೇಳಲಿಲ್ಲ. ಡ್ರಿಪ್ ಸೂಜಿ ತೆಗೆದ ಕೈಗೆ ಹತ್ತಿ ಒತ್ತಿಕೊಂಡು ಅವಳು ಬೆಂಚಿನ ಮೇಲೆ ಕೂತಿದ್ದಳು. ನಾನು ತಮ್ಮನಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಳ್ಳುತ್ತಿದ್ದೆ. ಪಾಲಿಸಿ ತಗೊಳ್ಳುವವರು ದಯವಿಟ್ಟು ರೂಮ್ ಬಾಡಿಗೆಗೆ ಮಿತಿ ಇಲ್ಲದ್ದನ್ನೇ ತಗೊಳ್ಳಿ, ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಪೆನ್ಷನ್ ಆದಾಗ ಇಸಿಎಚ್‌ಎಸ್‌ಗೆ 30,000 ಮುರಿದುಕೊಂಡರು. ಹವಾಲ್ದಾರ್‌ವರೆಗೆ ಅಷ್ಟೇ, ಒಂದೇ ಸಲ, ಜೀವನಪೂರ್ತಿಗೆ. ವಾರ್ಡು ಜನರಲ್. ಹೋದ ವರ್ಷ ನನಗೆ ಹರ್ನಿಯಾ ಆಪರೇಷನ್ ಆಯಿತು. ಇಸಿಎಚ್‌ಎಸ್‌ನದೇ ಕ್ಲಿನಿಕ್ ಆದ ಪಾಲಿಕ್ಲಿನಿಕ್‌ನಲ್ಲಿ ಬೆಳಿಗ್ಗೆ ಟೋಕನ್ ತಗೊಂಡು, ಡಾಕ್ಟರಿಗೆ ತೋರಿಸಿ, ರೆಫರಲ್ ಬರೆಸಿಕೊಂಡು, ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋದೆ. ಹೊರಗೆ ಬರುವಾಗ ಒಂದು ಸಹಿ ಹಾಕಿದೆ, ಅಷ್ಟೇ. ಕೈಯಿಂದ ಒಂದು ರೂಪಾಯಿ ಬಿಚ್ಚಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ರೆಫರಲ್‌ಗೆ ಒಂದು ದಿನ ಹೋಗುತ್ತದೆ. ಕೆಲವು ಸಲ ಬರೆದ ಔಷಧಿ ಇರುವುದಿಲ್ಲ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು, ಆ ನಂಬರ್ ಫೋನಿನಲ್ಲಿ ಇಟ್ಟುಕೊಂಡಿರಿ. ಇನ್ನೊಂದು, ಹೆಂಡತಿಯ ಹೆಸರು. ನಮ್ಮ ಸರ್ವಿಸ್ ದಾಖಲೆಯಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇತ್ತು, ಆಧಾರಿನಲ್ಲಿ ಇರಲಿಲ್ಲ. ಸರಿಮಾಡಿಸಲು ನಾಲ್ಕು ತಿಂಗಳು ಬೇಕಾಯಿತು. ಸೇವೆಯಲ್ಲಿರುವಾಗಲೇ ನೋಡಿಕೊಳ್ಳಿ.

ಅಪ್ಪ ಅಮ್ಮನಿಗೂ ಕಾರ್ಡ್ ಸಿಗುತ್ತದೆ, ಅವರ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ (ಡಿಎ) ಸೇರಿದ ಮೊತ್ತಕ್ಕಿಂತ ಕಡಿಮೆ ಇದ್ದರೆ. ಎಪ್ಪತ್ತು ದಾಟಿದವರು ಆಯುಷ್ಮಾನ್ ಬೇಕೋ ಇಸಿಎಚ್‌ಎಸ್ ಬೇಕೋ ಅಂತ ಒಂದನ್ನು ಆರಿಸಿಕೊಳ್ಳಬೇಕು. ಅಮ್ಮನಿಗೆ ಇಸಿಎಚ್‌ಎಸ್ಸೇ ಇರಲಿ ಅಂದೆ. ಆಯುಷ್ಮಾನ್‌ಗೆ ವರ್ಷಕ್ಕೆ ಐದು ಲಕ್ಷದ ಮಿತಿ ಇದೆ.

ನನಗೆ ಸಕ್ಕರೆ ಕಾಯಿಲೆ ಇದೆ, ಆದಾಯ ಪೆನ್ಷನ್ ಮತ್ತು ತೋಟದ್ದು ಮಾತ್ರ, ಪಾಲಿಕ್ಲಿನಿಕ್‌ಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಜನರಲ್ ವಾರ್ಡ್ ನನಗೆ ಸಾಕು. ಹಾಗಾಗಿ ಈ ವರ್ಷ ಫ್ಲೋಟರ್ ನವೀಕರಿಸಲಿಲ್ಲ. ಮಗನಿಗೆ ಮಾತ್ರ ಬೇರೆ ಪಾಲಿಸಿ ಮಾಡಿಸುತ್ತಿದ್ದೇನೆ. ಅವನಿಗೆ 25 ತುಂಬಿದರೆ ನನ್ನ ಕಾರ್ಡಿನಲ್ಲಿ ಜಾಗ ಇಲ್ಲ, ಅದಕ್ಕೆ ಇನ್ನು ಎಂಟು ತಿಂಗಳಿದೆ. ಇನ್ನೂ 15 ವರ್ಷ ಆಗದ ಟಿಎ ಗೆಳೆಯರು ನನ್ನ ಹಾಗೆ ಪಾಲಿಸಿ ಬಿಡಬೇಡಿ. ಪೆನ್ಷನ್ ಆದೇಶ ಪತ್ರ (ಪಿಪಿಒ) ಕೈಗೆ ಬಂದು, ಕಾರ್ಡ್ ಆಗುವವರೆಗೂ ಕಟ್ಟುತ್ತಿರಿ.