ಚಕ್ರ ಇರೋ ಕಮೋಡ್ ಚೇರ್, ಅತ್ತೆಗೋಸ್ಕರ ತಗೊಂಡಿದ್ದು

ನಮ್ಮತ್ತೆಗೆ ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ವೀಕ್ ಆಗಿದೆ, ಮನೇಲಿ ನೋಡ್ಕೊಳ್ಳೋದು ಜಾಸ್ತಿ ನಾನೇ. ದಾವಣಗೆರೆಯ ಒಂದು ಸರ್ಜಿಕಲ್ಸ್ ಅಂಗಡೀಲಿ 6,000 ರೂಪಾಯಿ ಹತ್ರ ಕೊಟ್ಟು ಈ ಚೇರ್ ತಂದ್ವಿ, ಕೂರೋ ಜಾಗದಲ್ಲಿ ತೂತು, ಕೆಳಗೆ ಪಾಟ್ ಇರೋ ಚೇರ್. ದುಡ್ಡಿಗೆ ಮೋಸ ಇಲ್ಲ.

ಇದು ಬರೋಕೆ ಮುಂಚೆ ನಮ್ಮಿಬ್ಬರ ಮಧ್ಯೆ ಮಾತು ಅಂದ್ರೆ ಬರೀ ಬಾತ್‌ರೂಮಿಂದೇ ಆಗೋಗಿತ್ತು, "ಆಯ್ತಾ ಅತ್ತೆ?" "ತಡಿಯವ್ವ, ಕಾಲೇ ಬರ್ತಿಲ್ಲ" ಇಷ್ಟೇ, ಇಬ್ಬರಿಗೂ ಸಿಟ್ಟು, ಇಬ್ಬರಿಗೂ ಸುಸ್ತು. ರಾತ್ರಿ ನನ್ನ ಎಬ್ಬಿಸ್ಬೇಕಲ್ಲ ಅನ್ನೋ ಸಂಕೋಚಕ್ಕೆ ಸಂಜೆ ಮೇಲೆ ನೀರು ಕುಡಿಯೋದೇ ಬಿಟ್ಟಿದ್ರಂತೆ, ಯೂರಿನ್ ಇನ್ಫೆಕ್ಷನ್ ಆಗಿ ಜ್ವರ ಬಂದಾಗ್ಲೇ ಬಾಯಿಬಿಟ್ಟಿದ್ದು. ವಯಸ್ಸಾದವರು ಸುಮಾರು ಜನ ಹೀಗೇ ಮಾಡ್ತಾರೆ ಅಂದ್ರು ಡಾಕ್ಟ್ರು.

ಈಗ ಚೇರ್ ಮಂಚದ ಪಕ್ಕನೇ ಇರುತ್ತೆ, ಅವರಿಗೆ ಶಕ್ತಿ ಇರೋ ಬಲಗಡೆಗೆ. ಫಿಸಿಯೋದವರು ಹೇಳಿಕೊಟ್ಟಿದ್ದು ಇದು, ಯಾವತ್ತೂ ಗಟ್ಟಿ ಇರೋ ಕಡೆಗೇ ತಿರುಗಿ ಕೂರಿಸ್ಬೇಕು, ವೀಕ್ ಇರೋ ಕೈ ಹಿಡಿದು ಎಳೀಬಾರ್ದು, ಭುಜ ಜಾರುತ್ತೆ. ನಾನು ಸೊಂಟದ ಹತ್ರ ಸ್ವಲ್ಪ ಹಿಡ್ಕೊಂಡ್ರೆ ಸಾಕು, ಕೂತ್ಮೇಲೆ "ನೀ ಆಚೆ ಹೋಗು" ಅಂತಾರೆ, ನಾನು ಬಾಗಿಲು ಮುಂದೆ ಮಾಡಿ ಆಚೆ ನಿಂತಿರ್ತೀನಿ. ಇಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ಅವರ ಮುಖನೇ ಬೇರೆ ಆಗಿದೆ. ನೀರು ಸರಿಯಾಗಿ ಕುಡೀತಾರೆ. ಮಂಡಕ್ಕಿ ಒಗ್ಗರಣೆಗೆ ಉಪ್ಪು ಜಾಸ್ತಿ ಅಂತ ಮತ್ತೆ ಜಗಳ ತೆಗೀತಾರೆ, ನಂಗೆ ಆ ಜಗಳ ಎಷ್ಟು ಬೇಕಾಗಿತ್ತು ಅಂದ್ರೆ!

ತೊಂದ್ರೆನೂ ಇದೆ. ಬ್ರೇಕ್ ಹಿಂದಿನ ಎರಡೇ ಚಕ್ರಕ್ಕೆ, ಕೂರಿಸೋ ಮುಂಚೆ ಎರಡೂ ಹಾಕಿದ್ಯಾ ಅಂತ ನೋಡ್ಲೇಬೇಕು. ಬಾತ್‌ರೂಮ್ ಹೊಸ್ತಿಲು ದಾಟೋವಾಗ ಮುಂದಿನ ಚಕ್ರ ಸಿಕ್ಕಾಕ್ಕೊಳ್ಳುತ್ತೆ, ನಾವು ಅಲ್ಲಿ ಸಿಮೆಂಟಲ್ಲಿ ಸಣ್ಣ ಇಳಿಜಾರು ಮಾಡಿಸಿದ್ವಿ. ಸ್ನಾನಕ್ಕೂ ಇದೇ ಬಳಸೋರು ಕಬ್ಬಿಣದ್ದು ಬೇಡ, ತುಕ್ಕು ಹಿಡಿಯುತ್ತೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಮ್ ಕೇಳಿ.

ತಗೊಳ್ಳೋಕೆ ಮುಂಚೆ ಬಾತ್‌ರೂಮ್ ಬಾಗಿಲು ಅಳತೆ ಮಾಡ್ಕೊಳ್ಳಿ. ಕೈ ಇಡೋ ಜಾಗ ಕೆಳಗೆ ಮಡಚೋ ಮಾಡೆಲ್ಲೇ ತಗೊಳ್ಳಿ, ಪಕ್ಕದಿಂದ ಜರುಗಿ ಕೂರೋಕೆ ಸುಲಭ. ಮತ್ತೆ ದಯವಿಟ್ಟು ಕೂರೋರನ್ನೇ ಕೇಳಿ ಸೆಲೆಕ್ಟ್ ಮಾಡಿ. ನಮ್ಮತ್ತೆ ವಿಡಿಯೋ ಕಾಲಲ್ಲಿ ನೋಡಿ ಮೊದಲು ತೋರ್ಸಿದ ಚೇರ್ ಬೇಡ್ವೇ ಬೇಡ ಅಂದ್ರು, ಅಷ್ಟೆತ್ತರ ಇದ್ರೆ ಕಾಲು ನೆಲಕ್ಕೆ ಊರೋಕಾಗಲ್ಲ ಅಂತ. ಅವರು ಹೇಳಿದ್ದೇ ಸರಿ, ಪಾದ ಪೂರ್ತಿ ನೆಲಕ್ಕೆ ತಾಗದೇ ಇದ್ರೆ ಏಳೋವಾಗ ಬೀಳೋ ಭಯ ಇರುತ್ತೆ.