ಡ್ರೈವರ್ ಅಪ್‌ಡೇಟ್‌ಗೆ ನಾಲ್ಕು ದಾರಿ: ನಾನು ಯಾವುದನ್ನು ಉಳಿಸಿಕೊಂಡೆ?

ಕಂಪ್ಯೂಟರ್‌ನ ಒಂದೊಂದು ಸಾಧನವನ್ನೂ ವಿಂಡೋಸ್ ನಡೆಸಲು ನೆರವಾಗುವ ಪುಟ್ಟ ಸಾಫ್ಟ್‌ವೇರೇ ಡ್ರೈವರ್. ವಿಂಡೋಸ್‌ನಲ್ಲಿ ಅದನ್ನು ಅಪ್‌ಡೇಟ್ ಮಾಡಲು ನಾಲ್ಕು ದಾರಿಗಳಿವೆ. ವಿಂಡೋಸ್ ಅಪ್‌ಡೇಟ್, ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟ, ಚಿಪ್ ತಯಾರಿಸಿದವರ ವೆಬ್‌ಸೈಟ್, ಮತ್ತೆ ‘ಎಲ್ಲಾ ಒಂದೇ ಕ್ಲಿಕ್‌ನಲ್ಲಿ’ ಅನ್ನುವ ಅಪ್‌ಡೇಟರ್‌ಗಳು. ನಾಲ್ಕನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಬಳಸಿ ನೋಡಿದೆ.

ಕೊನೆಯದನ್ನೇ ಮೊದಲು ಮುಗಿಸಿಬಿಡೋಣ. ಅಪ್‌ಡೇಟರ್ ಸ್ಕ್ಯಾನ್ ಮಾಡಿ, ಹಳೇ ಡ್ರೈವರ್‌ಗಳು ಅಂತ ಕೆಂಪು ಅಕ್ಷರದಲ್ಲಿ ಉದ್ದನೆಯ ಪಟ್ಟಿ ಕೊಟ್ಟಿತು. ಬಹಳಷ್ಟರ ಮೇಲೆ 2006ರ ಜೂನ್ 21 ಎಂದಿತ್ತು. ಇಂಟೆಲ್ ಚಿಪ್‌ಸೆಟ್‌ನದ್ದಂತೂ 1968ರ ಜುಲೈ 18! ನೋಡಿದವರಿಗೆ ಗಾಬರಿ ಆಗುತ್ತೆ, ಅಲ್ವಾ? ಆದರೆ ಇವು ಬೇಕಂತಲೇ ಹಾಕಿದ ತಾರೀಖುಗಳು. ಒಂದು ಸಾಧನಕ್ಕೆ ಅಷ್ಟೇ ಚೆನ್ನಾಗಿ ಹೊಂದುವ ಎರಡು ಡ್ರೈವರ್ ಸಿಕ್ಕರೆ ವಿಂಡೋಸ್ ಹೊಸ ತಾರೀಖಿನದನ್ನು ಆರಿಸುತ್ತದೆ. ಸಾಧನ ಮಾಡಿದವರ ಡ್ರೈವರನ್ನು ತನ್ನ ಸಾಮಾನ್ಯ ಡ್ರೈವರ್ ಹಿಂದೆ ತಳ್ಳಬಾರದು ಅಂತ ಮೈಕ್ರೋಸಾಫ್ಟ್ ತನ್ನದಕ್ಕೆ ಹಳೇ ತಾರೀಖು ಕೊಡುತ್ತದೆ. ಇಂಟೆಲ್ ಆರಿಸಿಕೊಂಡದ್ದು ಕಂಪನಿ ಹುಟ್ಟಿದ ದಿನವನ್ನು. ಇಷ್ಟೂ ತಿಳಿಯದೆ ಹೆದರಿಸಿ, ಆಮೇಲೆ ದುಡ್ಡು ಕೇಳುವ ಸಾಫ್ಟ್‌ವೇರ್ ಯಾಕೆ ಬೇಕು? ಕಿತ್ತುಹಾಕಿದೆ.

ವಿಂಡೋಸ್ ಅಪ್‌ಡೇಟ್ ನಿಧಾನ, ಆದರೆ ತಲೆನೋವಿಲ್ಲ. ವೈಫೈ, ಬ್ಲೂಟೂತ್, ಪ್ರಿಂಟರ್‌ಗಳಿಗೆ ಅದೇ ಸಾಕು. ‘ಆಪ್ಷನಲ್ ಅಪ್‌ಡೇಟ್ಸ್’ ಒಳಗೆ ಇನ್ನಷ್ಟು ಡ್ರೈವರ್‌ಗಳು ಕೂತಿರುತ್ತವೆ. ಏನಾದರೂ ತೊಂದರೆ ಇದ್ದರೆ ಮಾತ್ರ ಅವನ್ನು ಮುಟ್ಟಿ. ಸುಮ್ನೆ ಎಲ್ಲಕ್ಕೂ ಟಿಕ್ ಹಾಕಬೇಡಿ.

ನಿಜವಾದ ಪೈಪೋಟಿ ಇರುವುದು ಲ್ಯಾಪ್‌ಟಾಪ್ ಕಂಪನಿಗೂ ಚಿಪ್ ಕಂಪನಿಗೂ. ಗ್ರಾಫಿಕ್ಸ್‌ನಲ್ಲಿ ಚಿಪ್ ಕಂಪನಿಯೇ ಗೆದ್ದಿತು. ಲ್ಯಾಪ್‌ಟಾಪ್ ಪುಟದಲ್ಲಿದ್ದದ್ದು ತಿಂಗಳುಗಟ್ಟಲೆ ಹಳೆಯದು, ಹೊಸ ಗೇಮ್‌ಗಳಿಗೆ ಅದು ಸಾಲದು. ಎನ್‌ವಿಡಿಯಾದಲ್ಲಿ ‘ಗೇಮ್ ರೆಡಿ’, ‘ಸ್ಟುಡಿಯೋ’ ಅಂತ ಎರಡು ಬಗೆ ಇವೆ. ವಿಡಿಯೋ ಎಡಿಟಿಂಗೇ ಜಾಸ್ತಿ ಇರುವ ನನಗೆ ಸ್ಟುಡಿಯೋ ಹಿಡಿಸಿತು.

ಆಡಿಯೋದಲ್ಲಿ ಆಟ ತಿರುಗಿತು. ಎಲ್ಲಾ ಲ್ಯಾಪ್‌ಟಾಪ್‌ಗೂ ಒಂದೇ ಅನ್ನುವ ಸಾಮಾನ್ಯ ಡ್ರೈವರ್ ಹಾಕಿದಾಗ ಸ್ಪೀಕರ್ ದನಿ ಸೊರಗಿತು. ಅದೇ ಚಿಪ್ ಆದರೂ, ಆ ಪುಟ್ಟ ಸ್ಪೀಕರ್‌ಗೆ ತಕ್ಕಂತೆ ಹದ ಮಾಡಿದ ಸೆಟ್ಟಿಂಗ್ ಇದ್ದದ್ದು ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್‌ನಲ್ಲಿ. ಬ್ರೈಟ್‌ನೆಸ್ ಕೀ, ಬ್ಯಾಟರಿ ಚಾರ್ಜ್ ಮಿತಿ ಇವಕ್ಕೂ ಅಲ್ಲಿಗೇ ಹೋಗಬೇಕು. ಬಯಾಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟನ್ನಂತೂ ಬೇರೆ ಕಡೆಯಿಂದ ತರಲೇಬೇಡಿ.

ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಅನ್‌ನೋನ್ ಡಿವೈಸ್’ ಕಂಡರೆ, ಅದರ ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ತಯಾರಕರ ಗುರುತಾದ ‘ವೆನ್’ (VEN) ಆದ ಮೇಲೆ 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಮ್‌ಡಿ. ಹೊಸ ಡ್ರೈವರ್ ಕೈಕೊಟ್ಟರೆ ಅಲ್ಲೇ ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್’ ಇದೆ. ಅದು ಹಿಂದಿನ ಡ್ರೈವರ್‌ಗಷ್ಟೇ ಮರಳುತ್ತದೆ. ಹಾಗಾಗಿ ಸರಿಯಾಗಿ ನಡೆದ ಡ್ರೈವರ್‌ನ ಇನ್‌ಸ್ಟಾಲರ್ ಫೈಲನ್ನು ನಾನು ಅಳಿಸುವುದಿಲ್ಲ.