ತಿಲಕವಾಡಿ ನರ್ಸರಿಯ ಆರ್ಟಿಮಿಸಿಯಾ ಸಸಿ

ಚೀನಾದ ಔಷಧಿ ಗಿಡ ಆರ್ಟಿಮಿಸಿಯಾ ಬೆಳಗಾವಿಯ ತಿಲಕವಾಡಿಯ ಸಣ್ಣ ನರ್ಸರಿಯೊಂದರಲ್ಲಿ ಸಿಗುತ್ತದೆ. ಇದರಿಂದ ಮಲೇರಿಯಾ ಮದ್ದು ಕಂಡುಹಿಡಿದ ಟೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಸಸಿಗೆ 30 ರೂಪಾಯಿ. ತಿಪ್ಪೆ ಗೊಬ್ಬರ, ಬೇವಿನ ಹಿಂಡಿ, ಜೀವಾಮೃತ ಬಿಟ್ಟರೆ ನರ್ಸರಿಯವರು ಬೇರೇನೂ ಹಾಕುವುದಿಲ್ಲ. ನನ್ನ ಗಿಡ ಈಗ ಎದೆಮಟ್ಟ ಬಂದಿದೆ. ಎಲೆ ತಿಕ್ಕಿದರೆ ಘಮ್ಮೆನ್ನುತ್ತದೆ.

"ಜ್ವರಕ್ಕ ಇದನ್ನ ಕುದಿಸಿ ಕುಡೀಬ್ಯಾಡ್ರಿ ಅಕ್ಕಾರ, ದವಾಖಾನಿಗೆ ಹೋಗ್ರಿ" ಎಂದು ಮಾಲೀಕರೇ ಹೇಳಿದರು. ಮಾರುವವರು ಹೀಗೆ ಹೇಳುವುದು ಅಪರೂಪ ಅಲ್ವಾ? ಅದೇ ನನಗೆ ಜಾಸ್ತಿ ಇಷ್ಟವಾಯಿತು.

ಸಸಿಗಳ ಮೇಲೆ ಬಿತ್ತಿದ ತಾರೀಖಿನ ಚೀಟಿ ಮಾತ್ರ ಇಲ್ಲ, ಅದು ಬೇಕೇ ಬೇಕು. ಹಗಲು ಚಿಕ್ಕದಾದರೆ ಈ ಗಿಡ ಬೇಗ ಹೂ ಬಿಡುತ್ತದೆ, ಬೀಜವಾದ ಮೇಲೆ ಒಣಗುತ್ತದೆ. ದೀಪಾವಳಿ ಹೊತ್ತಿಗೆ ಕೊಳ್ಳಬೇಡಿ, ಬೇಸಿಗೆಯಲ್ಲೇ ತನ್ನಿ.